ನುಡಿಯಿಂದ ಯೂನಿಕೋಡ್‌ಗೆ ಐದು ಸಾವಿರ ಫೈಲು: ಒಂದು ಮಾಸಪತ್ರಿಕೆಯ ಪ್ರಕರಣ ಅಧ್ಯಯನ

ಪತ್ರಿಕೆಯ ಹೆಸರು ಇಲ್ಲಿ ಬೇಡ. ಹದಿನೈದು ವರ್ಷ ನಡೆದು ನಿಂತ ಒಂದು ಸಣ್ಣ ಕನ್ನಡ ಮಾಸಪತ್ರಿಕೆ ಅಂದುಕೊಳ್ಳಿ. ನಡೆಸುತ್ತಿದ್ದವರು ಒಬ್ಬರು ನಿವೃತ್ತ ಮೇಷ್ಟ್ರು. ಪುಟ ಕಟ್ಟಿಕೊಡುತ್ತಿದ್ದವರು ಊರಿನದೇ ಡಿಟಿಪಿ ಅಂಗಡಿಯ ಅಕ್ಕ. ಕಥೆ, ಕವನ, ಅಂಕಣ, ಸಂಪಾದಕೀಯ, ಓದುಗರ ಪತ್ರ, ಎಲ್ಲವೂ ಒಂದು ಹಾರ್ಡ್ ಡಿಸ್ಕ್‌ನಲ್ಲಿ ವರ್ಡ್ ಫೈಲುಗಳಾಗಿ ಉಳಿದಿದ್ದವು. ಮೇಷ್ಟ್ರು ಕೇಳಿದ್ದು ಎರಡೇ. ಹಳೆ ಲೇಖನ ಹುಡುಕಿದರೆ ಸಿಗಬೇಕು. ಮೊಬೈಲಿನಲ್ಲಿ ತೆರೆದರೆ ಓದಲು ಬರಬೇಕು.

ಎರಡೂ ಆಗುತ್ತಿರಲಿಲ್ಲ. ಫೈಲುಗಳೆಲ್ಲ ಹಳೆಯ ನುಡಿ ಫಾಂಟ್‌ನಲ್ಲಿದ್ದವು.

ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಆ ಕಾಲಕ್ಕೆ ದೊಡ್ಡ ಉಪಕಾರ ಮಾಡಿದ ತಂತ್ರಾಂಶ. ಕಚೇರಿ, ಪತ್ರಿಕೆ, ಡಿಟಿಪಿ ಅಂಗಡಿ, ಎಲ್ಲಿ ನೋಡಿದರೂ ಅದೇ. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳ ಚಿತ್ರ ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದ ಹೇಗೆ ಕಾಣುತ್ತದೆ ಗೊತ್ತಾ? ಮೊದಲು ಇಂಗ್ಲಿಷಿನ ದೊಡ್ಡ ಪಿ. ಆಮೇಲೆ ತಲೆ ಮೇಲೆ ಗೀಟಿರುವ ಎ. ಆಮೇಲೆ ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಎಸ್, ಒಂದು ಸಣ್ಣ ಕ್ಯೂ, ಕೊನೆಗೆ ಮತ್ತೊಂದು ಎ. ಫೈಲಿನಲ್ಲಿ ನಿಜವಾಗಿ ಇರುವುದು ಇದೇ. ‘ಕನ್ನಡ’ ಎಂದು ಹುಡುಕಿದರೆ ಸಿಗುವುದಾದರೂ ಹೇಗೆ?

ಇದು ಒಂದು ಪತ್ರಿಕೆಯ ಪಾಡಲ್ಲ. ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಪದ್ಧತಿ, ಊರೂರಿಗೆ ತಲುಪುವ ಮೊದಲು ಕಂಪ್ಯೂಟರಿನಲ್ಲಿ ಬರೆದ ಕನ್ನಡದ ದೊಡ್ಡ ಪಾಲು ಇಂಥ ಫೈಲುಗಳಲ್ಲೇ ಇದೆ. ಸಂಘದ ಸ್ಮರಣ ಸಂಚಿಕೆ, ಊರಿನ ಇತಿಹಾಸ, ಅಚ್ಚಾಗದೆ ಉಳಿದ ಹಸ್ತಪ್ರತಿ. ಹಾರ್ಡ್ ಡಿಸ್ಕ್ ಕೆಟ್ಟರೆ ಅದೂ ಹೋಯಿತು. ಯಾರೋ ಬಂದು ಮಾಡಿಕೊಡುತ್ತಾರೆ ಎಂದು ಕಾಯುವ ಕೆಲಸ ಇದಲ್ಲ. ಒಂದು ಲ್ಯಾಪ್‌ಟಾಪು, ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ಲು, ಸ್ವಲ್ಪ ತಾಳ್ಮೆ ಇದ್ದರೆ ನಾವೇ ಮಾಡಬಹುದು. ಹಾಗಾಗಿ ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಹೇಗೆ ಬಿಡಿಸಿಕೊಂಡೆವು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಅಕ್ಕ ಮೊದಲೇ ಒಂದೊಂದಾಗಿ ಶುರು ಮಾಡಿದ್ದರು. ಫೈಲ್ ತೆರೆ, ಎಲ್ಲ ಆಯ್ಕೆ ಮಾಡು, ನಕಲಿಸು, ನುಡಿಯನ್ನು ಯೂನಿಕೋಡ್ ಮಾಡುವ ಪರಿವರ್ತಕದಲ್ಲಿ ಅಂಟಿಸು, ಬಂದದ್ದನ್ನು ಹೊಸ ಫೈಲಿಗೆ ಅಂಟಿಸು, ಹೆಸರು ಕೊಟ್ಟು ಉಳಿಸು. ಎರಡು ವರ್ಷದ ಸಂಚಿಕೆ ಮುಗಿಯುವ ಹೊತ್ತಿಗೆ ಯಾವುದು ಆಗಿದೆ, ಯಾವುದು ಆಗಿಲ್ಲ ಎಂಬುದೇ ಗೊಂದಲವಾಗಿತ್ತು. “ಕೈ ನೋವಿಗಿಂತ ಈ ಲೆಕ್ಕದ ತಲೆನೋವೇ ಜಾಸ್ತಿ ಆಗಿದೆ ನೋಡಿ” ಅಂದರು. ಆ ಮಾತು ನನಗೆ ಮುಖ್ಯ ಅನ್ನಿಸಿತು. ಕಮಾಂಡ್ ಲೈನಿನಿಂದ ವೇಗ ಸಿಗುತ್ತದೆ, ನಿಜ. ಆದರೆ ಅದರ ದೊಡ್ಡ ಲಾಭ ಲೆಕ್ಕ. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು, ಯಾವುದು ಬರಲಿಲ್ಲ ಎಂದು ಫೈಲಿನ ಹೆಸರು ಹಿಡಿದು ಹೇಳಬಹುದು.

ಮೂಲವನ್ನು ಮುಟ್ಟಬಾರದು

ಹಾರ್ಡ್ ಡಿಸ್ಕನ್ನು ವಿಂಡೋಸ್ ಬದಲು ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ ಓದಲು ಮಾತ್ರ ಬರುವ ಹಾಗೆ ಜೋಡಿಸಿದೆವು. ಮೌಂಟ್ ಮಾಡುವಾಗ ‘ಆರ್‌ಓ’ ಎಂಬ ಆಯ್ಕೆ ಕೊಟ್ಟರೆ ಮುಗಿಯಿತು, ತಪ್ಪಿ ಅಳಿಸುವ ಕಮಾಂಡ್ ಕೊಟ್ಟರೂ ಡಿಸ್ಕ್ ಒಪ್ಪುವುದಿಲ್ಲ. ಪ್ರತಿ ಫೈಲಿಗೂ ಶಾ256ಸಮ್ ಕಮಾಂಡಿನಿಂದ ಒಂದು ಗುರುತಿನ ಸಂಖ್ಯೆ ತೆಗೆದು ಒಂದು ಪಟ್ಟಿ ಮಾಡಿಟ್ಟೆವು. ಫೈಲಿನ ಒಂದೇ ಒಂದು ಬೈಟ್ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. ಮುಂದೆ ಯಾವಾಗ ಬೇಕಾದರೂ ಅದೇ ಕಮಾಂಡ್‌ಗೆ ‘-ಸಿ’ ಕೊಟ್ಟು ಮೂಲ ಹಾಗೇ ಇದೆಯಾ ಎಂದು ಕೇಳಬಹುದು.

ಆಮೇಲೆ ಲ್ಯಾಪ್‌ಟಾಪಿಗೆ ನಕಲು. ಸುಮ್ನೆ ಕಾಪಿ ಅಲ್ವಾ ಅಂದುಕೊಂಡ ಈ ಹಂತದಲ್ಲೇ ಮೊದಲ ತೊಡಕು ಎದುರಾಯಿತು. ಕೆಲವು ಫೈಲುಗಳು ಬರಲೇ ಇಲ್ಲ. ‘ಫೈಲಿನ ಹೆಸರು ತುಂಬ ಉದ್ದವಾಯಿತು’ ಎಂಬ ದೂರು.

ಮೊದಮೊದಲ ವರ್ಷಗಳ ಫೈಲುಗಳಿಗೆ ಇಂಗ್ಲಿಷ್ ಅಕ್ಷರದ ಚಿಕ್ಕ ಹೆಸರುಗಳಿದ್ದವು. 2009ರ ನಂತರ ಕಾಯಂ ಅಂಕಣಗಳನ್ನು ಬಿಟ್ಟು ಉಳಿದವಕ್ಕೆ ಅಕ್ಕ ಕನ್ನಡದಲ್ಲೇ, ಲೇಖನದ ಪೂರ್ತಿ ಶೀರ್ಷಿಕೆಯನ್ನೇ ಹೆಸರಾಗಿ ಕೊಡುತ್ತಿದ್ದರು. ಒಳ್ಳೆಯ ಅಭ್ಯಾಸ. ಬಾರದ ಫೈಲುಗಳಲ್ಲಿ ಒಂದು ಹೀಗಿತ್ತು: ‘ಮಲೆನಾಡಿನ ಅಡಿಕೆ ತೋಟಗಳಿಗೆ ತಗುಲಿದ ಕೊಳೆ ರೋಗದ ಬಗ್ಗೆ ರೈತರು ಕೇಳಿದ ಪ್ರಶ್ನೆಗಳಿಗೆ ತಜ್ಞರ ಉತ್ತರ ಭಾಗ 2 ಫೈನಲ್’.

ಕಣ್ಣಿಗೆ ಕಾಣುವುದು 46 ಅಕ್ಷರ. ಆದರೆ ಯೂನಿಕೋಡ್ ಲೆಕ್ಕ ಬೇರೆ. ಅಲ್ಲಿ ಗುಣಿತದ ಗುರುತು, ಒತ್ತಕ್ಷರ ಮಾಡುವ ವಿರಾಮ, ಎಲ್ಲವೂ ಬೇರೆ ಬೇರೆ ಸಂಕೇತ. ‘ಪ್ರ’ ಅಂದರೆ ಪ, ವಿರಾಮ, ರ, ಒಟ್ಟು ಮೂರು. ಹಾಗೆ ಎಣಿಸಿದರೆ ಈ ಹೆಸರಿನಲ್ಲಿ ಕನ್ನಡದ 80 ಸಂಕೇತಗಳಿವೆ. ಸಂಕೇತಗಳನ್ನು ಬೈಟುಗಳಾಗಿ ಬರೆಯಲು ಲಿನಕ್ಸ್ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಅಲ್ಲಿಗೆ 240. ಪದಗಳ ನಡುವಿನ ಜಾಗ, 2 ಎಂಬ ಅಂಕಿ, ಕೊನೆಯ ಚುಕ್ಕಿ ಮತ್ತು ‘ಡಾಕ್’ನ ಮೂರು ಇಂಗ್ಲಿಷ್ ಅಕ್ಷರ, ಇವಕ್ಕೆ 19. ಒಟ್ಟು 259. ಲಿನಕ್ಸ್‌ನ ಇಎಕ್ಸ್‌ಟಿ4 ಡಿಸ್ಕ್‌ನಲ್ಲಿ ಒಂದು ಹೆಸರಿಗೆ ಸಿಗುವುದು 255 ಬೈಟ್ ಮಾತ್ರ. ನಾಲ್ಕು ಬೈಟ್ ಜಾಸ್ತಿ ಆಯಿತು. ‘ಫೈನಲ್’ ಎಂಬ ಪದ ಇಲ್ಲದಿದ್ದರೆ ಹಿಡಿಸುತ್ತಿತ್ತು.

ವಿಂಡೋಸ್‌ನಲ್ಲಿ ಇದೇ ಹೆಸರು ಆರಾಮಾಗಿ ಕೂತಿತ್ತು. ಅಲ್ಲಿನ ಎನ್‌ಟಿಎಫ್‌ಎಸ್ ಮತ್ತು ಎಕ್ಸ್‌ಫ್ಯಾಟ್ ಡಿಸ್ಕ್ ವ್ಯವಸ್ಥೆಗಳ ಮಿತಿಯೂ 255ನೇ. ಆದರೆ ಅವು ಎಣಿಸುವುದು ಬೈಟನ್ನಲ್ಲ, ಯುಟಿಎಫ್-16 ಎಂಬ ಇನ್ನೊಂದು ಪದ್ಧತಿಯ ಘಟಕವನ್ನು. ಕನ್ನಡದ ಒಂದು ಸಂಕೇತಕ್ಕೆ ಒಂದು ಘಟಕ ಸಾಕು. ಅಲ್ಲಿ 255 ಸಂಕೇತ ಬರೆಯಬಹುದು, ಲಿನಕ್ಸ್‌ನಲ್ಲಿ 85ಕ್ಕೇ ಮುಗಿಯುತ್ತದೆ. ಇಂಗ್ಲಿಷ್ ಹೆಸರಿನವರಿಗೆ ಈ ವ್ಯತ್ಯಾಸ ಯಾವತ್ತೂ ಗೊತ್ತಾಗುವುದೇ ಇಲ್ಲ. ಕನ್ನಡದಲ್ಲಿ ಹೆಸರಿಡುವವರು ತಿಳಿದಿರಲೇಬೇಕು.

ನಕಲು ಮಾಡುವಾಗ ಬಂದ ದೂರುಗಳನ್ನೆಲ್ಲ ಒಂದು ಫೈಲಿಗೆ ಇಳಿಸಿಕೊಂಡಿದ್ದೆವು. ಕಮಾಂಡಿನ ಕೊನೆಯಲ್ಲಿ ‘2’ ಮತ್ತು ಬಾಣದ ಗುರುತು ಹಾಕಿ ಫೈಲಿನ ಹೆಸರು ಕೊಟ್ಟರೆ ದೂರುಗಳು ಪರದೆಯಲ್ಲಿ ಓಡಿಹೋಗದೆ ಅಲ್ಲಿ ಸೇರುತ್ತವೆ. ಆ ಪಟ್ಟಿ ನೋಡಿ, ಉದ್ದ ಹೆಸರಿನ ಫೈಲುಗಳನ್ನು ಚಿಕ್ಕ ಹೆಸರು ಕೊಟ್ಟು ತಂದೆವು. ಹಳೆ ಹೆಸರು, ಹೊಸ ಹೆಸರು ಎರಡನ್ನೂ ಪಕ್ಕಪಕ್ಕ ಬರೆದಿಟ್ಟೆವು.

ಪಟ್ಟಿ

ಕಂತೆಗಟ್ಟಲೆ ಫೈಲುಗಳ ಮೇಲೆ ಕಮಾಂಡ್ ಓಡಿಸುವಾಗ ಎಲ್ಲರ ಕಣ್ಣೂ ಕಮಾಂಡಿನ ಮೇಲಿರುತ್ತದೆ. ಕೆಲಸ ಗೆಲ್ಲುವುದೂ ಸೋಲುವುದೂ ಪಟ್ಟಿಯಲ್ಲಿ. ಯಾವ ಫೈಲುಗಳ ಮೇಲೆ ಓಡುತ್ತದೆ ಎಂಬುದು ಕಣ್ಣಿಗೆ ಕಾಣುವ ಒಂದು ಫೈಲಾಗಿ ಮೊದಲೇ ಇರಬೇಕು.

ಪಟ್ಟಿ ಮಾಡಲು ಫೈಂಡ್ ಕಮಾಂಡ್. ‘-ಟೈಪ್ ಎಫ್’ ಕೊಟ್ಟರೆ ಫೋಲ್ಡರುಗಳನ್ನು ಬಿಟ್ಟು ಫೈಲುಗಳನ್ನು ಮಾತ್ರ ಕೊಡುತ್ತದೆ. ಹೆಸರು ಹೊಂದಿಸಲು ‘-ನೇಮ್’ ಬದಲು ‘-ಐನೇಮ್’ ಬಳಸಿದೆವು, ಯಾಕೆಂದರೆ ಹಳೆ ವಿಂಡೋಸ್ ಕಾಲದ ಎಷ್ಟೋ ಫೈಲುಗಳ ಕೊನೆಯಲ್ಲಿ ‘ಡಾಕ್’ ಎಂಬುದು ದೊಡ್ಡ ಅಕ್ಷರದಲ್ಲಿತ್ತು. ಲಿನಕ್ಸ್‌ಗೆ ದೊಡ್ಡ ಅಕ್ಷರ ಬೇರೆ, ಚಿಕ್ಕ ಅಕ್ಷರ ಬೇರೆ.

ಬಂದದ್ದು 5,021 ಹೆಸರು. ಇಷ್ಟು ಇರಲಾರದು ಎಂದು ಅಕ್ಕನಿಗೆ ಅನುಮಾನ. ಪಟ್ಟಿಯನ್ನು ಗಾತ್ರದ ಪ್ರಕಾರ ಜೋಡಿಸಿದಾಗ ಕಾರಣ ಗೊತ್ತಾಯಿತು. 162 ಬೈಟ್‌ನ ಫೈಲುಗಳ ದೊಡ್ಡ ಗುಂಪೇ ಇತ್ತು, ಎಲ್ಲದರ ಹೆಸರೂ ಅಲೆಯಂಥ ಗುರುತು ಟಿಲ್ಡೆ ಮತ್ತು ಡಾಲರ್ ಗುರುತಿನಿಂದ ಶುರು. ವರ್ಡ್‌ನಲ್ಲಿ ಫೈಲ್ ತೆರೆದಾಗ ಅದು ತನ್ನ ಗುರುತಿಗೆ ಮಾಡಿಕೊಳ್ಳುವ ಫೈಲುಗಳು ಇವು. ಮುಚ್ಚುವಾಗ ಅಳಿಸಿಹೋಗಬೇಕು. ಕರೆಂಟು ಹೋಗಿಯೋ ವರ್ಡ್ ಕೈಕೊಟ್ಟೋ ಉಳಿದುಬಿಡುತ್ತವೆ. ಅಂಥವು 148. ಜೊತೆಗೆ ಏನೂ ಇಲ್ಲದ, ಸೊನ್ನೆ ಬೈಟ್‌ನ 11 ಫೈಲುಗಳು. ಇವನ್ನು ಫೈಂಡ್‌ನ ‘-ಎಂಪ್ಟಿ’ ತೋರಿಸಿತು. ಹಳೆ ಸಿಡಿಯಿಂದ ನಕಲಿಸುವಾಗಲೇ ಹೋದವು ಎಂದು ಅಕ್ಕ ನೆನಪಿಸಿಕೊಂಡರು. ಎರಡನ್ನೂ ಕಳೆದರೆ 4,862. ನಮ್ಮ ಕೆಲಸದ ಪಟ್ಟಿ ಇದು.

ಫೋಲ್ಡರುಗಳ ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿ ಮೇಷ್ಟ್ರಿಗೆ ಕೊಟ್ಟೆವು. ಅವರಿಗೆ ಕಮಾಂಡ್ ಗೊತ್ತಿಲ್ಲ, ಪತ್ರಿಕೆ ಗೊತ್ತು. ಹದಿನೈದು ವರ್ಷಕ್ಕೆ 180 ತಿಂಗಳು, ಫೋಲ್ಡರು ಇದ್ದದ್ದು 171. ಒಂಬತ್ತು ಸಂಚಿಕೆ ಕಳೆದುಹೋದವಾ ಎಂದು ನಮಗೆ ಭಯ. ಮೇಷ್ಟ್ರು ಪೆನ್ನು ಹಿಡಿದು ಕೂತು, ವರ್ಷ ವರ್ಷ ನೋಡಿ ಹೇಳಿದರು: “ದೀಪಾವಳಿ ವಿಶೇಷಾಂಕ ಕಣಪ್ಪಾ. ಒಂಬತ್ತು ವರ್ಷ ಅಕ್ಟೋಬರ್, ನವೆಂಬರ್ ಎರಡೂ ಸೇರಿಸಿ ಒಂದೇ ಸಂಚಿಕೆ ತಂದಿದ್ದೆವು.” ಲೆಕ್ಕ ಸರಿಹೋಯಿತು. ಈ ಉತ್ತರ ಯಾವ ಪ್ರೋಗ್ರಾಮಿನಿಂದಲೂ ಬರುತ್ತಿರಲಿಲ್ಲ.

ಹೆಸರುಗಳನ್ನು ಕಮಾಂಡಿನ ಕೈಗೆ ಕೊಡುವುದು

ಪಟ್ಟಿಯಲ್ಲಿರುವ ಹೆಸರನ್ನು ಇನ್ನೊಂದು ಕಮಾಂಡಿಗೆ ಕೊಡುವುದು ಸುಲಭ ಅನ್ನಿಸುತ್ತದೆ. ಟರ್ಮಿನಲ್ಲಿನಲ್ಲಿ ನಮ್ಮ ಕಮಾಂಡ್ ಓದುವ ಶೆಲ್ ಮಾತ್ರ ಖಾಲಿ ಜಾಗ ಕಂಡಲ್ಲಿ ಸಾಲನ್ನು ತುಂಡು ಮಾಡುತ್ತದೆ. ‘ಅಡಿಕೆ ತೋಟ’ ಎಂಬ ಒಂದು ಫೈಲು ಅದರ ಕಣ್ಣಿಗೆ ‘ಅಡಿಕೆ’, ‘ತೋಟ’ ಎಂಬ ಎರಡು ಫೈಲು. ಫೈಲುಗಳ ಹೆಸರು ತೋರಿಸುವ ಎಲ್‌ಎಸ್ ಕಮಾಂಡಿನ ಉತ್ತರವನ್ನು, ಒಂದೊಂದರ ಮೇಲೂ ಅದೇ ಕೆಲಸ ಮಾಡಿಸುವ ಫಾರ್ ಲೂಪಿಗೆ ಹಾಕುವ ರೂಢಿ ತುಂಬ ಜನರಿಗಿದೆ. ಕನ್ನಡ ಶೀರ್ಷಿಕೆಗಳಿರುವ ಫೋಲ್ಡರಿನಲ್ಲಿ ಅದು ಮೊದಲ ಫೈಲಿಗೇ ಮುಗ್ಗರಿಸುತ್ತದೆ. ಹೆಸರುಗಳನ್ನು ತೆಗೆದು ಇನ್ನೊಂದು ಕಮಾಂಡಿಗೆ ಕೊಡುವ ಎಕ್ಸಾರ್ಗ್ಸ್ ಕೂಡ, ಬರೀ ಹಾಗೇ ಬಳಸಿದರೆ ಸಾಲದು. ಅದು ಖಾಲಿ ಜಾಗದಲ್ಲಿ ಒಡೆಯುವುದಲ್ಲದೆ, ಹೆಸರಿನಲ್ಲಿ ಒಂಟಿ ಉದ್ಧರಣ ಚಿಹ್ನೆ ಇದ್ದರೆ ಜೋಡಿ ಸಿಗಲಿಲ್ಲ ಎಂದು ನಿಂತೇಬಿಡುತ್ತದೆ.

ಹಾಗಾದರೆ ಒಂದು ಹೆಸರು ಎಲ್ಲಿ ಮುಗಿಯಿತು ಎಂದು ಹೇಳಲು ಯಾವ ಗುರುತು ಇಡಬೇಕು? ಲಿನಕ್ಸ್‌ನಲ್ಲಿ ಫೈಲಿನ ಹೆಸರಿನೊಳಗೆ ಬರಲಾಗದ ಬೈಟ್ ಎರಡೇ. ಒಂದು ಓರೆಗೀಟು, ಅದು ಫೋಲ್ಡರುಗಳನ್ನು ಬೇರ್ಪಡಿಸಲು ಬೇಕು. ಇನ್ನೊಂದು ಶೂನ್ಯ ಬೈಟ್. ಹೊಸ ಸಾಲಿನ ಗುರುತು ಕೂಡ ಹೆಸರಿನಲ್ಲಿ ಇರಬಹುದು. ಹಾಗಾಗಿ ನಂಬಬಹುದಾದ ಬೇಲಿ ಶೂನ್ಯ ಬೈಟ್ ಒಂದೇ. ಫೈಂಡ್‌ಗೆ ‘-ಪ್ರಿಂಟ್0’ ಕೊಟ್ಟರೆ ಪ್ರತಿ ಹೆಸರಿನ ಕೊನೆಗೂ ಅದನ್ನೇ ಹಾಕುತ್ತದೆ. ಎಕ್ಸಾರ್ಗ್ಸ್‌ಗೆ ‘-0’ ಕೊಟ್ಟರೆ ಅದನ್ನೇ ನೋಡಿ ಒಡೆಯುತ್ತದೆ. ಎರಡೂ ಸೇರಿಯೇ ಬರಬೇಕು. ಒಂದನ್ನು ಮರೆತರೆ ಇನ್ನೊಂದರಿಂದ ಉಪಯೋಗವಿಲ್ಲ.

ಕಮಾಂಡಿನ ಮುಂದೆ ಎಲ್ಲ ಹೆಸರನ್ನೂ ಒಟ್ಟಿಗೆ ಬರೆದುಬಿಟ್ಟರೆ ಆಗದಾ? ಆಗದು, ಅದಕ್ಕೂ ಮಿತಿಯಿದೆ. ಒಂದು ಪ್ರೋಗ್ರಾಮನ್ನು ಶುರು ಮಾಡುವಾಗ ಅದರ ಕೈಗೆ ಕೊಡುವ ಒಟ್ಟು ಪಠ್ಯಕ್ಕೆ ಲಿನಕ್ಸ್‌ನ ತಿರುಳಾದ ಕರ್ನೆಲ್ ಕಡಿವಾಣ ಹಾಕುತ್ತದೆ. ‘ಗೆಟ್‌ಕಾನ್ಫ್ ಆರ್ಗ್‌ಮ್ಯಾಕ್ಸ್’ ಎಂದು ಕೇಳಿದರೆ ಸಾಮಾನ್ಯವಾಗಿ 20,97,152 ಬೈಟ್ ಅನ್ನುತ್ತದೆ. ಇಂಗ್ಲಿಷ್ ಹೆಸರುಗಳಿಗೆ ಇದು ಬೇಕಾದಷ್ಟು. ಕನ್ನಡದ ಫೋಲ್ಡರು, ಉಪಫೋಲ್ಡರು, ಫೈಲು ಎಲ್ಲ ಸೇರಿದ ಒಂದು ಹಾದಿ 400 ಬೈಟ್ ಆಗುವುದು ಕಷ್ಟವಲ್ಲ. ಅಂಥ ಐದು ಸಾವಿರ ಹಾದಿಗಳಿಗೆ 20 ಲಕ್ಷ ಬೈಟ್ ಬೇಕು. ಗಡಿ ಅಲ್ಲೇ ಹತ್ತಿರ. ಎಕ್ಸಾರ್ಗ್ಸ್ ಇದನ್ನು ತಾನೇ ನೋಡಿಕೊಳ್ಳುತ್ತದೆ. ಮದುವೆ ಊಟದಲ್ಲಿ ಪಂಕ್ತಿ ಮೇಲೆ ಪಂಕ್ತಿ ಕೂರಿಸುವ ಹಾಗೆ, ಹಿಡಿಸುವಷ್ಟು ಹೆಸರು ಕೊಟ್ಟು ಕಮಾಂಡ್ ಓಡಿಸಿ, ಅದು ಮುಗಿದ ಮೇಲೆ ಮುಂದಿನ ಕಂತೆ ಕೊಡುತ್ತದೆ. ಫೈಂಡ್‌ನ ‘-ಎಕ್ಸೆಕ್’ ಕೊನೆಗೆ ಅಧಿಕ ಚಿಹ್ನೆ ಹಾಕಿದರೂ ಇದೇ ಕೆಲಸ. ಅರ್ಧವಿರಾಮ ಹಾಕಿದರೆ ಮಾತ್ರ ಫೈಲಿಗೊಂದು ಸಲ ಕಮಾಂಡ್ ಓಡುತ್ತದೆ.

ಮೊದಲ ಓಟ, 3,072

ವರ್ಡ್ ಫೈಲನ್ನು ಓದಲು ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ಬಳಸಿದೆವು. ಕಿಟಕಿ ತೆರೆಯದೆ, ‘--ಹೆಡ್‌ಲೆಸ್’ ಎಂಬ ಆಯ್ಕೆಯಲ್ಲಿ ಅದು ಟರ್ಮಿನಲ್ಲಿನಿಂದಲೇ ಕೆಲಸ ಮಾಡುತ್ತದೆ. ‘--ಕನ್ವರ್ಟ್-ಟು’ ಮುಂದೆ ಯಾವ ರೂಪ ಬೇಕು, ‘--ಔಟ್‌ಡಿರ್’ ಮುಂದೆ ಫಲಿತಾಂಶ ಎಲ್ಲಿಗೆ ಹೋಗಬೇಕು ಎಂದು ಹೇಳಬೇಕು. ಬರೀ ಪಠ್ಯದ ಬದಲು ವೆಬ್ ಪುಟಗಳ ರೂಪವಾದ ಎಚ್‌ಟಿಎಂಎಲ್ ಆರಿಸಿದೆವು. ಬರೀ ಪಠ್ಯ ಮಾಡಿದರೆ ಯಾವ ಪದ ಯಾವ ಫಾಂಟ್‌ನಲ್ಲಿತ್ತು ಎಂಬ ಮಾಹಿತಿ ಅಳಿಸಿಹೋಗುತ್ತದೆ. ನಮಗೆ ಅದೇ ಮುಖ್ಯ. ಕಾರಣ ಮುಂದೆ ಹೇಳುತ್ತೇನೆ.

ಈ ಪ್ರೋಗ್ರಾಮು ಒಂದೇ ಸಲಕ್ಕೆ ಹಲವು ಫೈಲು ತೆಗೆದುಕೊಳ್ಳುತ್ತದೆ. ಪ್ರತಿ ಸಲ ಶುರುವಾಗಲು ಸಮಯ ಹಿಡಿಯುವುದರಿಂದ ಕಂತೆಯಾಗಿ ಕೊಡುವುದೇ ಒಳ್ಳೆಯದು. ಹಾಗೆ ನಕಲಿನ ಮೇಲೆ ಒಂದು ಪರೀಕ್ಷೆಯ ಓಟ ಮಾಡಿದೆವು. ಎಲ್ಲ ಫಲಿತಾಂಶಕ್ಕೂ ಒಂದೇ ಫೋಲ್ಡರು. ಓಟ ಮುಗಿಯಿತು. ದೂರಿನ ಫೈಲಿನಲ್ಲಿ ನಾಲ್ಕಾರು ಸಾಲು ಬಿಟ್ಟರೆ ಬೇರೇನಿಲ್ಲ.

ಫಲಿತಾಂಶ ಎಣಿಸಿದೆವು. 3,072.

ಒಳಗೆ ಹೋದದ್ದು 4,862. ಸಾವಿರದ ಏಳುನೂರ ತೊಂಬತ್ತು ಫೈಲು ಮಾಯ. ಮೇಷ್ಟ್ರು ಪಕ್ಕದಲ್ಲೇ ಇದ್ದರು. “ಎಲ್ಲಾ ಬಂತೇನಪ್ಪಾ?” ಅಂದರು. “ಇಲ್ಲ ಸಾರ್, ಲೆಕ್ಕ ತಾಳೆ ಆಗ್ತಿಲ್ಲ” ಅಂದೆ.

ಪಟ್ಟಿಯಿಂದ ಫೋಲ್ಡರಿನ ಹಾದಿ ಕಿತ್ತು, ಬರೀ ಫೈಲಿನ ಹೆಸರುಗಳನ್ನು ಸಾರ್ಟ್ ಮಾಡಿ, ‘ಯುನೀಕ್ -ಸಿ’ ಕೊಟ್ಟು ಯಾವ ಹೆಸರು ಎಷ್ಟು ಸಲ ಬಂದಿದೆ ಎಂದು ಕೇಳಿದೆವು. ಮೇಲೇ ಇತ್ತು ಉತ್ತರ. ಸಂಪಾದಕೀಯ 168 ಸಲ. ಓದುಗರ ಪತ್ರ 163. ಪದಬಂಧ 151. ಅಕ್ಕ ಪ್ರತಿ ತಿಂಗಳ ಫೋಲ್ಡರಿನಲ್ಲೂ ಕಾಯಂ ಅಂಕಣಗಳಿಗೆ ಅದೇ ಅದೇ ಹೆಸರು ಕೊಟ್ಟಿದ್ದರು. ಅದರಲ್ಲಿ ತಪ್ಪೇನೂ ಇಲ್ಲ, ಫೋಲ್ಡರು ಬೇರೆ ಬೇರೆ ಅಲ್ವಾ? ಆದರೆ ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದಾಗ ಪ್ರತಿ ಹೊಸ ಸಂಪಾದಕೀಯವೂ ಹಿಂದಿನದರ ಮೇಲೆ ಬರೆದುಕೊಂಡಿತು. ಪ್ರೋಗ್ರಾಮು ಕೇಳಲಿಲ್ಲ, ದೂರಲಿಲ್ಲ. 168 ಸಂಪಾದಕೀಯಗಳಲ್ಲಿ ಉಳಿದದ್ದು ಒಂದು, ಕೊನೆಯಲ್ಲಿ ಸರದಿ ಬಂದದ್ದು. ಅದು ಕೊನೆಯ ಸಂಚಿಕೆಯದೂ ಅಲ್ಲ. ಫೈಂಡ್ ಹೆಸರುಗಳನ್ನು ಅಕಾರಾದಿಯಾಗಿ ಕೊಡುವುದಿಲ್ಲ, ಡಿಸ್ಕ್‌ನಲ್ಲಿ ಹೇಗೆ ಸಿಕ್ಕಿತೋ ಹಾಗೆ ಕೊಡುತ್ತದೆ.

ಇದು ನನ್ನನ್ನು ನಿಜಕ್ಕೂ ತಲ್ಲಣಗೊಳಿಸಿತು. ಮೇಷ್ಟ್ರು ಹದಿನೈದು ವರ್ಷ ತಿಂಗಳು ತಿಂಗಳು ಬರೆದ ಮಾತು, ಓದುಗರು ಅದಕ್ಕೆ ಕೊಟ್ಟ ಉತ್ತರ, ಒಂದು ಪತ್ರಿಕೆಯ ಜೀವ ಇರುವುದೇ ಅಲ್ಲಿ. ಹೋದದ್ದು ಸರಿಯಾಗಿ ಅದೇ. ಎಣಿಸದೆ ಹೋಗಿದ್ದರೆ ಮೂರು ಸಾವಿರ ಫೈಲು ಕಂಡು ಕೆಲಸ ಮುಗಿಯಿತು ಅಂದುಕೊಳ್ಳಬಹುದಿತ್ತು. ಪುಟ ತೆರೆದು ಅಲ್ಲಿ ಇಲ್ಲಿ ನೋಡಿದರೂ ಎಲ್ಲ ಚೆನ್ನಾಗೇ ಕಾಣುತ್ತಿತ್ತು.

ಫೋಲ್ಡರಿಗೊಂದು ಕಂತೆ

ಎರಡನೇ ಓಟದ ವಿನ್ಯಾಸ ಬದಲಾಯಿತು. ಒಂದು ಸಂಚಿಕೆಯ ಫೋಲ್ಡರು ಅಂದರೆ ಒಂದು ಕಂತೆ. ಫಲಿತಾಂಶದ ಕಡೆಯಲ್ಲಿ ಅದೇ ಹೆಸರಿನ ಫೋಲ್ಡರನ್ನು ‘ಎಂಕೆಡಿರ್ -ಪಿ’ ಮೂಲಕ ಮೊದಲು ಮಾಡಿ, ಆ ಸಂಚಿಕೆಯ ಫೈಲುಗಳನ್ನು ಮಾತ್ರ ಅಲ್ಲಿಗೆ ಕಳಿಸುವುದು. 171 ಸಲ ಲಿಬ್ರೆಆಫೀಸ್ ಶುರುವಾಗುತ್ತದೆ, 4,862 ಸಲ ಅಲ್ಲ. ಮಧ್ಯದಲ್ಲಿ ಒಂದು ಕೆಟ್ಟ ಫೈಲು ಸಿಕ್ಕಿ ಓಟ ನಿಂತರೆ ಆ ಒಂದು ಸಂಚಿಕೆಯನ್ನು ಮತ್ತೆ ಓಡಿಸಿದರೆ ಆಯಿತು.

ಇಲ್ಲಿ ಎರಡು ಎಚ್ಚರ. ವೇಗಕ್ಕೆಂದು ಎಕ್ಸಾರ್ಗ್ಸ್‌ಗೆ ದೊಡ್ಡ ಅಕ್ಷರದ ‘-ಪಿ’ ಕೊಟ್ಟು ನಾಲ್ಕು ಲಿಬ್ರೆಆಫೀಸ್ ಒಟ್ಟಿಗೆ ಓಡಿಸಲು ಹೋದರೆ, ನಾಲ್ಕೂ ತಮ್ಮ ಸೆಟ್ಟಿಂಗ್ ಇಡುವ ಒಂದೇ ಪ್ರೊಫೈಲ್ ಫೋಲ್ಡರಿಗೆ ಜಗಳ ಆಡುತ್ತವೆ, ಕೆಲಸ ಕೆಡುತ್ತದೆ. ‘ಯೂಸರ್‌ಇನ್‌ಸ್ಟಲೇಷನ್’ ಎಂಬ ಆಯ್ಕೆಯಲ್ಲಿ ಪ್ರತಿಯೊಂದಕ್ಕೂ ಬೇರೆ ಪ್ರೊಫೈಲ್ ಕೊಡಬೇಕು. ಎರಡನೆಯದು, ಒಂದೇ ಫೋಲ್ಡರಿನಲ್ಲಿ ‘ಕಥೆ’ ಹೆಸರಿನ ವರ್ಡ್ ಫೈಲೂ, ಇನ್ನೊಂದು ಪಠ್ಯ ರೂಪವಾದ ಆರ್‌ಟಿಎಫ್ ಫೈಲೂ ಇದ್ದರೆ ಎರಡೂ ಒಂದೇ ಎಚ್‌ಟಿಎಂಎಲ್ ಹೆಸರಿಗೆ ಬರುತ್ತವೆ. ಮತ್ತೆ ಅದೇ ಅನಾಹುತ. ಆರ್‌ಟಿಎಫ್‌ಗಳಿಗೆ ನಾವು ಬೇರೆಯೇ ಫಲಿತಾಂಶದ ಫೋಲ್ಡರು ಇಟ್ಟೆವು.

ಓಟ ಮುಗಿದಾಗ ಬಂದದ್ದು 4,855. ಏಳು ಕಡಿಮೆ. ಎರಡು ಪಟ್ಟಿಗಳನ್ನೂ ಒಂದೇ ಕ್ರಮದಲ್ಲಿ ಸಾರ್ಟ್ ಮಾಡಿ ಕಾಮ್ ಕಮಾಂಡಿಗೆ ಕೊಟ್ಟರೆ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಹೆಸರು ಸಿಗುತ್ತದೆ. ಎರಡಕ್ಕೂ, ಯಾವ ಭಾಷೆಯ ಕ್ರಮ ಎಂದು ಹೇಳುವ ‘ಎಲ್‌ಸಿಆಲ್’ ಎಂಬುದನ್ನು ಸಿ ಎಂದು ಇಟ್ಟು ಸಾರ್ಟ್ ಮಾಡಬೇಕು, ಇಲ್ಲದಿದ್ದರೆ ಕ್ರಮ ತಪ್ಪಿದೆ ಎಂದು ಕಾಮ್ ದೂರುತ್ತದೆ. ಏಳರಲ್ಲಿ ನಾಲ್ಕು ಪಾಸ್‌ವರ್ಡ್ ಹಾಕಿದ ಫೈಲುಗಳು, ಮೂರು ಒಳಗೆ ಕೆಟ್ಟವು. ಲಿಬ್ರೆಆಫೀಸ್ ಎಷ್ಟೋ ಸಲ ಫೈಲು ಕೆಟ್ಟರೂ ‘ಯಶಸ್ವಿ’ ಎಂಬ ಸಂಕೇತವನ್ನೇ ಹಿಂದಿರುಗಿಸುತ್ತದೆ. ಅದನ್ನು ನಂಬಿ ಕೂರುವ ಹಾಗಿಲ್ಲ.

ಒಂದೇ ಥರ ಕಾಣುವ ಎರಡು ಹೆಸರು

ಅಕ್ಕನ ಹತ್ತಿರ ಒಂದು ಎಕ್ಸೆಲ್ ಸೂಚಿ ಇತ್ತು. ಸಂಚಿಕೆ, ಲೇಖನ, ಲೇಖಕರು, ಫೈಲಿನ ಹೆಸರು. ಅದನ್ನು ಫೈಲುಗಳ ಪಟ್ಟಿಯ ಜೊತೆ ಹೋಲಿಸಿದಾಗ 2012 ಮತ್ತು 2013ರ ಫೈಲುಗಳಲ್ಲಿ ಬಹುಪಾಲು ಹೊಂದಲಿಲ್ಲ. ಸೂಚಿಯಲ್ಲಿ ‘ಲೇಖನ’, ಡಿಸ್ಕ್‌ನಲ್ಲೂ ‘ಲೇಖನ’. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕೂದಲಷ್ಟೂ ವ್ಯತ್ಯಾಸವಿಲ್ಲ. ಕಂಪ್ಯೂಟರ್ ಮಾತ್ರ ಬೇರೆ ಅನ್ನುತ್ತದೆ.

ಹೆಕ್ಸ್‌ಡಂಪ್ ಮೂಲಕ ಬೈಟುಗಳನ್ನು ನೋಡಿದೆವು. ಸೂಚಿಯಲ್ಲಿನ ‘ಲೇಖನ’ 12 ಬೈಟ್, ಡಿಸ್ಕ್‌ನಲ್ಲಿದ್ದದ್ದು 15. ‘ಲೇ’ಯಲ್ಲಿ ಗುಟ್ಟಿತ್ತು. ಯೂನಿಕೋಡ್‌ನಲ್ಲಿ ಏತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿ ಒಡೆದೂ ಬರೆಯಬಹುದು. ಕನ್ನಡದಲ್ಲಿ ಈ ಥರ ಒಡೆಯುವ ಗುರುತುಗಳು ಐದು: ಈ, ಏ, ಐ, ಒ, ಓ ಸ್ವರಗಳವು. ಓತ್ವ ಅಂತೂ ಮೂರು ತುಂಡಾಗುತ್ತದೆ. ಆ ಎರಡು ವರ್ಷ ಅಕ್ಕನ ಜೊತೆ ಪುಟ ಕಟ್ಟಿದ ಹುಡುಗ ಹಳೆಯ ಮ್ಯಾಕ್ ಬಳಸುತ್ತಿದ್ದ, ಫೈಲುಗಳನ್ನು ಜಿಪ್ ಮಾಡಿ ಕಳಿಸುತ್ತಿದ್ದ. ಮ್ಯಾಕ್‌ನ ಹಳೆ ಡಿಸ್ಕ್ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಒಡೆದ ರೂಪದಲ್ಲೇ ಇಡುತ್ತದೆ. ಲಿನಕ್ಸ್‌ಗೆ ಹೆಸರು ಅಂದರೆ ಬರೀ ಬೈಟುಗಳ ಸಾಲು, ಬೈಟು ಬೇರೆಯಾದರೆ ಫೈಲೂ ಬೇರೆ. ಕನ್ನಡದಲ್ಲಿ ಈ ಐದು ಸ್ವರ ಬರದ ಶೀರ್ಷಿಕೆ ಸಿಗುವುದೇ ಅಪರೂಪ. ಅದಕ್ಕೇ ಬಹುಪಾಲು ಹೆಸರು ತಪ್ಪಿದವು.

ಪರಿಹಾರ ಕಾನ್ವ್‌ಎಂವಿ ಎಂಬ ಪುಟ್ಟ ಕಮಾಂಡ್. ‘--ಎನ್‌ಎಫ್‌ಸಿ’ ಕೊಟ್ಟರೆ ಹೆಸರುಗಳನ್ನು ಕೂಡಿಸಿದ ರೂಪಕ್ಕೆ ತರುತ್ತದೆ, ‘-ಆರ್’ ಕೊಟ್ಟರೆ ಒಳಗಿನ ಫೋಲ್ಡರುಗಳಿಗೂ ಇಳಿಯುತ್ತದೆ. ಈ ಕಮಾಂಡಿನ ಒಂದು ಗುಣ ನನಗೆ ತುಂಬ ಇಷ್ಟ. ಸುಮ್ನೆ ಓಡಿಸಿದರೆ ಅದು ಏನನ್ನೂ ಬದಲಿಸುವುದಿಲ್ಲ, ಏನು ಮಾಡಲಿದ್ದೇನೆ ಎಂದು ತೋರಿಸುತ್ತದೆ ಅಷ್ಟೆ. ‘--ನೋಟೆಸ್ಟ್’ ಎಂದು ಹೇಳಿದ ಮೇಲೇ ಕೈಹಾಕುತ್ತದೆ. ಕಂತೆ ಕೆಲಸದ ಎಲ್ಲ ಕಮಾಂಡುಗಳೂ ಹೀಗಿರಬೇಕಿತ್ತು. ಇಲ್ಲದ ಕಡೆ ನಾವೇ ಮಾಡಿಕೊಳ್ಳಬೇಕು. ಹೆಸರು ಬದಲಿಸುವ ಎಂವಿ ಕಮಾಂಡಿನ ಮುಂದೆ, ಬರೆದದ್ದನ್ನು ಹಾಗೇ ತೋರಿಸುವ ಎಕೋ ಹಾಕಿ, ಬಂದ ಸಾಲುಗಳನ್ನು ಓದಿ, ಸರಿ ಅನ್ನಿಸಿದ ಮೇಲೆ ಎಕೋ ತೆಗೆಯುವುದು. ಎಂವಿಗೆ ‘-ಎನ್’ ಕೂಡ ಕೊಟ್ಟರೆ ಇರುವ ಫೈಲಿನ ಮೇಲೆ ಬರೆಯುವುದಿಲ್ಲ.

ಫಾಂಟಿನಿಂದ ಅಕ್ಷರಕ್ಕೆ

ಕೊನೆಗೆ ನಿಜವಾದ ಪರಿವರ್ತನೆ. ಇದಕ್ಕೊಂದು ಸ್ಕ್ರಿಪ್ಟ್, ಅಂದರೆ ಪೈಥಾನ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಮು. ಒಂದೊಂದು ತುಂಡು ಚಿತ್ರಕ್ಕೂ ಯಾವ ಕನ್ನಡ ಸಂಕೇತ ಎಂಬ ಕೋಷ್ಟಕ ಅದರ ಹೊಟ್ಟೆಯಲ್ಲಿರುತ್ತದೆ. ಬರೀ ಬದಲಾಯಿಸಿದರೆ ಸಾಲದು, ಜಾಗವೂ ಬದಲಾಗಬೇಕು. ‘ತರ್ಕ’ ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ಕೊನೆಯಲ್ಲಿ ಕಾಣುತ್ತದೆ, ನುಡಿಯೂ ಅದನ್ನು ಕ ಆದ ಮೇಲೇ ಇಡುತ್ತದೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮ: ಮೊದಲು ರ, ವಿರಾಮ, ಆಮೇಲೆ ಕ.

ಫಾಂಟಿನ ಮಾಹಿತಿ ಯಾಕೆ ಬೇಕಿತ್ತು ಅಂದರೆ, ಲೇಖನಗಳ ನಡುವೆ ಇಂಗ್ಲಿಷ್ ಪದಗಳಿದ್ದವು. ಔಷಧಿಯ ಹೆಸರು, ಪುಸ್ತಕದ ಹೆಸರು, ವಿಳಾಸ. ಕಣ್ಣುಮುಚ್ಚಿ ಎಲ್ಲವನ್ನೂ ಪರಿವರ್ತಿಸಿದರೆ ಅವೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಎಚ್‌ಟಿಎಂಎಲ್‌ನಲ್ಲಿ ನುಡಿ ಫಾಂಟ್ ಎಂದು ಗುರುತಿರುವ ತುಂಡುಗಳನ್ನು ಮಾತ್ರ ಸ್ಕ್ರಿಪ್ಟ್ ಮುಟ್ಟಿತು.

ಪರೀಕ್ಷೆಗೆ ಶಫ್ ಕಮಾಂಡಿನಿಂದ ಯಾವುದಾದರೂ ಕೆಲವು ಫೈಲು ಎತ್ತಿ ಅಕ್ಕನಿಗೆ ಕೊಟ್ಟೆವು. ಕರಡು ತಿದ್ದಿ ತಿದ್ದಿ ಪಳಗಿದ ಕಣ್ಣು ಅವರದು. ಋತ್ವದ ಒಂದು ರೂಪ ತಪ್ಪಿದ್ದನ್ನು ಅವರೇ ಹಿಡಿದರು, ಕೋಷ್ಟಕ ತಿದ್ದಿದೆವು. ಅದಲ್ಲದೆ ಪಠ್ಯದೊಳಗೆ ಹುಡುಕುವ ಗ್ರೆಪ್ ಮೂಲಕ, ತಲೆ ಮೇಲೆ ಗೀಟಿರುವ ಆ ಎ ಇನ್ನೂ ಉಳಿದಿರುವ ಫೈಲುಗಳ ಹೆಸರು ತೆಗೆಸಿದೆವು. ಪರಿವರ್ತನೆ ಸರಿಯಾಗಿದ್ದರೆ ಅದು ಕನ್ನಡ ಪಠ್ಯದಲ್ಲಿ ಇರಲೇಬಾರದು. ಸಿಕ್ಕವುಗಳಲ್ಲಿ ಹೆಚ್ಚಿನವು, ಬರೆಯುವವರು ನುಡಿಯ ಪಠ್ಯವನ್ನು ಅಂಟಿಸಿ ಫಾಂಟಿನ ಹೆಸರು ಬದಲಿಸದೆ ಬಿಟ್ಟ ಸಾಲುಗಳು. ಅಂಥವನ್ನು ಕೈಯಿಂದಲೇ ಸರಿಪಡಿಸಬೇಕಾಯಿತು.

ಈಗ ಹುಡುಕಿದರೆ ಲೇಖನ ಸಿಗುತ್ತದೆ. ಕೆಟ್ಟ ಮೂರು ಫೈಲುಗಳನ್ನೂ ಸೊನ್ನೆ ಬೈಟಿನ ಹನ್ನೊಂದನ್ನೂ ಮೇಷ್ಟ್ರ ಮನೆಯ ಅಚ್ಚಾದ ಸಂಚಿಕೆ ನೋಡಿ ಅಕ್ಕ ಮತ್ತೆ ಟೈಪ್ ಮಾಡುತ್ತಿದ್ದಾರೆ. ಪಾಸ್‌ವರ್ಡ್ ಹಾಕಿದ ನಾಲ್ಕರಲ್ಲಿ ಎರಡು ತೆರೆದವು, ಎರಡರ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಎಲ್ಲ ಮುಗಿದ ಮೇಲೆ ಮೂಲ ಡಿಸ್ಕ್ ಮೇಲೆ ಶಾ256ಸಮ್ ಮತ್ತೊಮ್ಮೆ ಓಡಿಸಿದೆವು, ಒಂದು ಫೈಲೂ ಬದಲಾಗಿರಲಿಲ್ಲ. ಪಟ್ಟಿಗಳು, ದೂರಿನ ಫೈಲುಗಳು, ಹಳೆ ಹೊಸ ಹೆಸರಿನ ಜೋಡಿಗಳು, ಸ್ಕ್ರಿಪ್ಟು, ಎಲ್ಲವನ್ನೂ ಪರಿವರ್ತಿಸಿದ ಫೈಲುಗಳ ಜೊತೆಗೇ ಒಂದು ಫೋಲ್ಡರಿನಲ್ಲಿ ಇಟ್ಟಿದ್ದೇವೆ. ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ಕಟ್ಟಿದ ಪುಟಗಳನ್ನು ಇನ್ನೂ ಮುಟ್ಟಿಲ್ಲ. ಅವುಗಳ ಪಟ್ಟಿ ತಯಾರಿದೆ, ಮೇಷ್ಟ್ರು ಓದುತ್ತಿದ್ದಾರೆ.